ಹೆಡ್ ಕೆಲಸ ಆದ್ಮೇಲೆ ನಮ್ಮ ಮಾರುತಿ 800 ಯಾಕೆ ನಡುಗ್ತಿದೆ?

ಈ ಸ್ಟೀರಿಂಗ್ ನೋಡಿ. ಕ್ಯಾಮೆರಾ ಅಲ್ಲಾಡ್ತಿಲ್ಲ, ಅದು ಹೊರಗೆ ನೆಲದ ಮೇಲೆ ಟ್ರೈಪಾಡಲ್ಲಿದೆ. ಅಲ್ಲಾಡ್ತಿರೋದು ಗಾಡಿ.

1997ರ ಮಾರುತಿ 800, ಕಾರ್ಬ್ಯುರೇಟರ್ ಮಾಡೆಲ್. ಚಾರ್ಮಾಡಿ ಘಾಟಿ ಹತ್ತುವಾಗ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಹೆಡ್, ಕೆಳಭಾಗ ಬ್ಲಾಕ್, ಎರಡರ ನಡುವಿನ ಪ್ಯಾಕಿಂಗ್) ಹೋಗಿತ್ತು. ಗ್ಯಾರೇಜಲ್ಲಿ ಹೆಡ್ ಇಳಿಸಿ, ಫೇಸಿಂಗ್ (ಅದರ ಅಡಿಮುಖ ಸಮತಟ್ಟು ಮಾಡೋದು) ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೊಟ್ರು. ಈಗ ರೇಡಿಯೇಟರಲ್ಲಿ ನೀರು ಕಮ್ಮಿ ಆಗ್ತಿಲ್ಲ, ಬಿಳಿ ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೆ ಹೋಗಲ್ಲ. ಆ ಕೆಲಸದ ಬಗ್ಗೆ ತಕರಾರಿಲ್ಲ. ಆದ್ರೆ ಸಿಗ್ನಲಲ್ಲಿ ನಿಂತ್ರೆ ಈ ನಡುಕ. ಕೇಳಿದ್ದಕ್ಕೆ, "ಹೊಸ ಕೆಲಸ ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂದ್ರು.

ಹೊಸ ಪಿಸ್ಟನ್ ರಿಂಗ್ ಹಾಕಿದ್ರೆ ಆ ಮಾತನ್ನ ಒಪ್ಪಬಹುದಿತ್ತು. ಇಲ್ಲಿ ಆ ರಿಂಗ್ ಇರೋ ಬ್ಲಾಕ್‌ಗೆ ಯಾರೂ ಕೈ ಹಾಕಿಲ್ಲ. ಸೆಟ್ ಆಗೋಕೆ ಏನಿದೆ?

ಫ್ರೆಂಡ್ಸ್ ಗ್ರೂಪಲ್ಲಿ ಕೇಳಿದ್ರೆ ಒಬ್ಬ ಕಾರ್ಬ್ಯುರೇಟರ್ ಬದಲಾಯಿಸು ಅಂದ, ಇನ್ನೊಬ್ಬ ಇಂಜಿನ್ ಮೌಂಟ್ ಅಂದ, ಮೂರನೆಯವನು ಗಾಡಿನೇ ಮಾರಿಬಿಡು ಅಂದ. ನನ್ನ ಲೆಕ್ಕ ಬೇರೆ. ರಿಪೇರಿಗೆ ಮುಂಚೆ ಇಲ್ಲದ ತೊಂದರೆ ರಿಪೇರಿ ಆದ್ಮೇಲೆ ಬಂದಿದೆ ಅಂದ್ರೆ, ಕೈ ತಾಗಿದ ಜಾಗಗಳನ್ನ ಮೊದಲು ನೋಡ್ಬೇಕು. ಹೆಡ್ ಇಳಿಸೋಕೆ ಟೈಮಿಂಗ್ ಬೆಲ್ಟ್, ಪ್ಲಗ್ ವೈರ್, ವ್ಯಾಕ್ಯೂಮ್ ಪೈಪು, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಗಾಳಿ-ಪೆಟ್ರೋಲ್ ಒಳಗೆ ಒಯ್ಯೋ, ಹೊಗೆ ಹೊರಗೆ ತರೋ ಕವಲು ಪೈಪುಗಳು) ಎಲ್ಲಾ ಬಿಚ್ಚಲೇಬೇಕು. ಹುಡುಕಾಟ ಅಷ್ಟರೊಳಗೇ.

ಮೊದಲು ನಡುಕವನ್ನೇ ಸ್ವಲ್ಪ ಗಮನಿಸಿ. ಇದು 796 ಸಿಸಿ, ಮೂರು ಸಿಲಿಂಡರ್ ಇಂಜಿನ್. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರುಗಳು ಉರಿಯೋ ಸರದಿ, 1-3-2. ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ದಂಡ) 240 ಡಿಗ್ರಿ ತಿರುಗಿದಾಗೆಲ್ಲ ಒಂದು ಸಿಲಿಂಡರ್ ಉರಿಯುತ್ತೆ. ಒಂದು ಕೈಕೊಟ್ರೆ ಅಲ್ಲಿ 480 ಡಿಗ್ರಿ ಖಾಲಿ, ಮೂರನೇ ಒಂದು ಭಾಗ ಶಕ್ತಿನೇ ಮಾಯ. 900 ಆರ್‌ಪಿಎಮ್ ಐಡ್ಲಿಂಗಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಒಂದೊಂದು ಸಿಲಿಂಡರೂ ಸೆಕೆಂಡಿಗೆ ಏಳೂವರೆ ಸಲ ಉರಿಯುತ್ತೆ. ಸ್ಟೀರಿಂಗಲ್ಲಿ ಕೈಗೆ ಸಿಗ್ತಿರೋ ಹೊಡೆತ ಅದೇ ಲಯದ್ದು. ಸೈಲೆನ್ಸರ್ ಬಾಯಿಗೆ ದೂರದಿಂದ ಅಂಗೈ ಹಿಡಿದ್ರೂ ಗೊತ್ತಾಗುತ್ತೆ, ಗಾಳಿ ಒಂದೇ ಸಮ ಬರ್ತಿಲ್ಲ. ಅಂದ್ರೆ ಒಂದು ಸಿಲಿಂಡರ್ ಮಿಸ್ ಹೊಡೀತಿದೆ, ಸರಿಯಾಗಿ ಉರೀತಿಲ್ಲ.

ಯಾವುದು? ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡೋದು ಹಳೇ ವಿಧಾನ. ಬರಿಗೈಲಿ ಮುಟ್ಬೇಡಿ, ಸಾವಿರಾರು ವೋಲ್ಟ್ ಇರುತ್ತೆ. ಕಿತ್ತ ವೈರನ್ನ ಗಾಳಿಲಿ ತೂಗಾಡೋಕೂ ಬಿಡ್ಬೇಡಿ, ಒಂದು ಹಳೇ ಪ್ಲಗ್ ಸಿಕ್ಕಿಸಿ ಇಂಜಿನ್ ಲೋಹಕ್ಕೆ ತಾಗಿಸಿಡಿ, ಇಲ್ಲಾಂದ್ರೆ ಕಾಯಿಲ್ ಮೇಲೆ ಒತ್ತಡ ಬೀಳುತ್ತೆ. ನೋಡಿ, ಒಂದನೇದು ತೆಗೆದೆ, ಇಂಜಿನ್ ಕುಸಿತು. ಎರಡನೇದು, ಇನ್ನೇನು ಆಫ್ ಆಗೋ ಹಾಗಾಯ್ತು. ಮೂರನೇದು... ಏನೂ ವ್ಯತ್ಯಾಸ ಇಲ್ಲ. ಸಿಕ್ತು.

ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರೋ) ಗಾಡಿ ಇಟ್ಕೊಂಡಿರೋರು ಇದನ್ನ ಮಾಡ್ಬೇಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ. ಅದ್ರಲ್ಲಿ ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡ್ಬೇಕು. ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಲ್ಲಿ ದಾಖಲಾದ ದೋಷ ಓದೋ ಸಾಧನ) ಹಾಕೋಕಾದ್ರೆ ಇನ್ನೂ ಸುಲಭ, P0303 ಅಂತ ಬಂದ್ರೆ ಮೂರನೇ ಸಿಲಿಂಡರ್ ಮಿಸ್‌ಫೈರ್.

ಈಗ ಪ್ಲಗ್ ಬಿಚ್ಚೋಣ. ಒಂದು, ಎರಡರ ತುದಿ ತಿಳಿ ಕಂದು, ಸರಿಯಾಗಿ ಉರಿದಿವೆ. ಮೂರನೇದರ ಪಿಂಗಾಣಿ ಬೆಳ್ಳಗಿದೆ. ಸ್ಪಾರ್ಕೇ ಬರದಿದ್ರೆ ಪ್ಲಗ್ ಪೆಟ್ರೋಲಲ್ಲಿ ನೆಂದು ಕಪ್ಪಗಿರ್ತಿತ್ತು. ಬಿಳಿ ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ, ಇಲ್ಲಾ ಗಾಳಿ ಜಾಸ್ತಿ ಸೇರ್ತಿದೆ. ಆದ್ರೂ ಖಾತ್ರಿಗೆ ಎರಡನೇ ಪ್ಲಗ್ಗನ್ನ ಮೂರಕ್ಕೆ ಹಾಕಿದೆ. ಮಿಸ್ಸಿಂಗ್ ಮೂರರಲ್ಲೇ ಉಳೀತು. ಪ್ಲಗ್ ತಪ್ಪಲ್ಲ.

ಸಿಲಿಂಡರಲ್ಲಿ ಒತ್ತಡ ಎಷ್ಟು ಏಳುತ್ತೆ ಅಂತ ಕಂಪ್ರೆಷನ್ ಗೇಜ್ ಹಾಕಿದ್ದೂ ಆಯ್ತು. ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀಬೇಕು. ಮೂರೂ ಚದರ ಸೆಂಟಿಮೀಟರಿಗೆ 12 ಕೆಜಿ ಆಸುಪಾಸಲ್ಲೇ ಇವೆ, ಅಂದ್ರೆ ಸರಿ ಇವೆ. ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಸೋರ್ತಿದ್ರೆ ಅಕ್ಕಪಕ್ಕದ ಎರಡೂ ಇಳೀತಿತ್ತು. ವಾಲ್ವ್ ತೆರೆಯೋ ಹೊತ್ತು ನಿಭಾಯಿಸೋ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದ್ರೆ ಮೂರಕ್ಕೂ ಏಟು ಬಿದ್ದು, ಗಾಡಿ ಎಲ್ಲಾ ಸ್ಪೀಡಲ್ಲೂ ಸೋಂಬೇರಿ ಆಗ್ತಿತ್ತು. ಇದು 60ರಲ್ಲಿ ಹಾಯಾಗಿ ಹೋಗುತ್ತೆ.

ಐಡ್ಲಿಂಗಲ್ಲಿ ಮಾತ್ರ ನಡುಕ, ಆಕ್ಸಿಲರೇಟರ್ ಒತ್ತಿದ್ರೆ ಸರಿ. ಇದು ಏರ್ ಲೀಕಿನ ಗುಣ. ಐಡ್ಲಿಂಗಲ್ಲಿ ಥ್ರಾಟಲ್ (ಗಾಳಿ ಒಳಬಿಡೋ ಬಾಗಿಲು) ಹೆಚ್ಚೂಕಮ್ಮಿ ಮುಚ್ಚಿರುತ್ತೆ, ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ (ಹೀರೋ ಸೆಳೆತ) ಜೋರಾಗಿರುತ್ತೆ. ಎಳನೀರು ಸ್ಟ್ರಾದಲ್ಲಿ ತೂತಿದ್ರೆ ಎಷ್ಟು ಹೀರಿದ್ರೂ ಗಾಳಿನೇ ಬರುತ್ತಲ್ಲ, ಹಾಗೆ. ಥ್ರಾಟಲ್ ತೆರೆದಾಗ ವ್ಯಾಕ್ಯೂಮ್ ಇಳಿಯುತ್ತೆ, ಇಂಜಿನ್ನಿಗೆ ಹೋಗೋ ಒಟ್ಟು ಗಾಳಿ ಜಾಸ್ತಿ ಆಗುತ್ತೆ, ಅದರ ಮುಂದೆ ಆ ಕಳ್ಳಗಾಳಿ ಲೆಕ್ಕಕ್ಕೇ ಇಲ್ಲ.

ವ್ಯಾಕ್ಯೂಮ್ ಪೈಪುಗಳನ್ನ ಒಂದೊಂದಾಗಿ ಬೆರಳಲ್ಲಿ ಒತ್ತಿ ಮುಚ್ಚಿ ನೋಡ್ದೆ, ಏನೂ ಬದಲಾಗಲಿಲ್ಲ. ಉಳಿದಿದ್ದು ಇನ್‌ಟೇಕ್ ಮ್ಯಾನಿಫೋಲ್ಡ್ ಜಾಯಿಂಟ್. ಕೆಲವರು ಇಲ್ಲಿ ಪೆಟ್ರೋಲ್ ಚಿಮುಕಿಸಿ ನೋಡ್ತಾರೆ. ಬಿಸಿ ಎಕ್ಸಾಸ್ಟ್, ಪಕ್ಕದಲ್ಲೇ ಪ್ಲಗ್ ವೈರ್... ಅದು ಧೈರ್ಯ ಅಲ್ಲ, ಹುಚ್ಚು. ಗಿಡಕ್ಕೆ ಹೊಡೆಯೋ ಸ್ಪ್ರೇ ಬಾಟಲಲ್ಲಿ ನೀರು ಸಾಕು. ಸೌಂಡ್ ಜಾಸ್ತಿ ಮಾಡಿ ಕೇಳಿ, ಗಾಳಿ ಎಳೆಯೋ ಶಬ್ದ ಇದೆ. ಒಂದನೇ ಪೋರ್ಟ್ ಹತ್ರ ಚಿಮುಕಿಸ್ದೆ, ಏನಿಲ್ಲ. ಎರಡು, ಏನಿಲ್ಲ. ಮೂರನೇದರ ಕೆಳಗೆ... ಆ "ಸೂ" ಶಬ್ದ ತುಂಡಾಯ್ತು, ಇಂಜಿನ್ ಲಯ ಬದಲಾಯ್ತು. ನೀರು ಒಳಗೆ ಎಳೆದುಕೊಂಡು ಕ್ಷಣಹೊತ್ತು ತೂತು ಮುಚ್ಚಿದೆ.

ಇಂಜಿನ್ ತಣ್ಣಗಾದ್ಮೇಲೆ ಕೂಲೆಂಟ್ ಇಳಿಸಿ ಮ್ಯಾನಿಫೋಲ್ಡ್ ಬಿಚ್ಚಿದೆ. ಹತ್ತಿರದಿಂದ ತೋರಿಸ್ತೀನಿ. ಹಳೇ ಪ್ಯಾಕಿಂಗ್ ಮೇಲೇ ಬೂದು ಬಣ್ಣದ ಗಮ್ ಬಳಿದು ಕೂರಿಸಿದ್ದಾರೆ. ಪೆಟ್ರೋಲ್ ತಾಗಿ ಗಮ್ ಮೆತ್ತಗಾಗಿದೆ, ಉಗುರಲ್ಲಿ ಕೆರೆದ್ರೆ ಸಿಪ್ಪೆ ಥರ ಏಳುತ್ತೆ. ಮೂರನೇ ಪೋರ್ಟ್ ಕೆಳಗೆ ಪ್ಯಾಕಿಂಗ್ ಒಂದು ಚೂರು ಕಿತ್ತೇ ಹೋಗಿದೆ. ಅಲ್ಲಿನ ನಟ್ ಬೆರಳಲ್ಲೇ ತಿರುಗ್ತಿತ್ತು, ಸ್ಪ್ಯಾನರ್ ಸಲೀಸಾಗಿ ಹೋಗದ ಮೂಲೆ ಅದು.

ಬೆಂಗಳೂರಿನ ಜೆಸಿ ರಸ್ತೆಯಿಂದ ತಂದ ಹೊಸ ಪ್ಯಾಕಿಂಗ್ ಇದು. ಹೆಡ್ ಕೆಲಸದ ಬಿಲ್ ಮುಂದೆ ಇದರ ಬೆಲೆ ಚಿಲ್ಲರೆ ಕಾಸು. ಎರಡೂ ಮುಖ ಒರೆಸಿ, ಗಮ್ ಇಲ್ಲದೆ ಹಾಕಿ, ನಟ್‌ಗಳನ್ನ ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ದೆ. ಸ್ಟಾರ್ಟ್ ಮಾಡಿದ್ರೆ ಇಂಜಿನ್ ಒಂದೇ ಸಮ ಕಿರುಚ್ತು! ಯಾಕಂದ್ರೆ ನಡುಕ ಮುಚ್ಚೋಕೆ ಗ್ಯಾರೇಜಲ್ಲಿ, ಐಡ್ಲಿಂಗ್ ವೇಗ ಹೆಚ್ಚುಕಮ್ಮಿ ಮಾಡೋ ಸ್ಕ್ರೂ ಏರಿಸಿ ಕೊಟ್ಟಿದ್ರು. ಪ್ಯಾಕಿಂಗ್ ಹರಿದಿದ್ದಕ್ಕಿಂತ ನನಗೆ ಸಿಟ್ಟು ಬಂದಿದ್ದು ಇದಕ್ಕೆ. ಸ್ಕ್ರೂ ಇಳಿಸಿ, ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಪ್ರಮಾಣ) ಸೆಟ್ ಮಾಡಿ, ಮೂರೂ ವೈರ್ ಮತ್ತೆ ಕಿತ್ತು ನೋಡ್ದೆ. ಮೂರಕ್ಕೂ ಇಂಜಿನ್ ಒಂದೇ ಥರ ಕುಸಿಯುತ್ತೆ.

ಇನ್ನು ಮೇಲಿನಿಂದ ಬರ್ತಿರೋ ಈ ಟಕ್ ಟಕ್ ಶಬ್ದ ವಾಲ್ವ್ ಒತ್ತೋ ಟ್ಯಾಪೆಟ್‌ದು. ಸಂದಿ ಅಳೆಯೋ ಫೀಲರ್ ಗೇಜ್ ಹಿಡ್ಕೊಂಡು ಕೂರೋ ಕೆಲಸ ಅದು, ಭಾನುವಾರ ಮಾಡೋಣ.