ಅಪರೂಪದ ದೋಷಕ್ಕೆ ಎಷ್ಟು ಮಾದರಿ ಬೇಕು?

ಕೇಳುಗರಿಗೆ ನಮಸ್ಕಾರ. ಚುಚ್ಚುಮದ್ದಿನ ಸೀಸೆಗಳು ಕಾರ್ಖಾನೆಯಿಂದ ಹೊರಡುವ ಮೊದಲು ನಿರ್ಜಂತುಕವಾಗಿವೆಯೇ ಎಂದು ನೋಡುವ ಪರೀಕ್ಷೆಯೊಂದಿದೆ. ದೊಡ್ಡ ಬ್ಯಾಚುಗಳಿಂದ ಸಾಮಾನ್ಯವಾಗಿ 20 ಸೀಸೆಗಳನ್ನು ಆರಿಸಿ, ಅವುಗಳ ಔಷಧವನ್ನು ಪೋಷಕ ದ್ರವಕ್ಕೆ ಸೇರಿಸಿ, 14 ದಿನ ಬೆಚ್ಚಗಿಟ್ಟು, ಸೂಕ್ಷ್ಮಜೀವಿಗಳು ಬೆಳೆದು ದ್ರವ ಕದಡುತ್ತದೆಯೇ ಎಂದು ಕಾಯುತ್ತಾರೆ. ತೆರೆದ ಸೀಸೆ ಮಾರಾಟಕ್ಕೆ ಬಾರದಾದ್ದರಿಂದ ಎಲ್ಲವನ್ನೂ ಪರೀಕ್ಷಿಸುವ ಮಾತೇ ಇಲ್ಲ.

ಈ 20ನ್ನು ಎಷ್ಟು ನಂಬಬಹುದು? ನೂರಕ್ಕೊಂದು ಸೀಸೆ ಕೆಟ್ಟಿರುವ ಬ್ಯಾಚ್ ಎನ್ನೋಣ. ಕೈಗೆ ಬಂದ ಒಂದು ಸೀಸೆ ಒಳ್ಳೆಯದಾಗಿರುವ ಸಂಭವ 0.99. ಇಪ್ಪತ್ತೂ ಒಳ್ಳೆಯವೇ ಆಗಿರುವ ಸಂಭವ ತಿಳಿಯಲು 0.99ನ್ನು 20 ಸಲ ಬರೆದು ಒಂದಕ್ಕೊಂದು ಗುಣಿಸಬೇಕು; ಉತ್ತರ ಸುಮಾರು 0.82. ಎಂದರೆ ಇಂಥ ನೂರು ಬ್ಯಾಚುಗಳಲ್ಲಿ ಸುಮಾರು ಎಂಬತ್ತೆರಡು, ಪರೀಕ್ಷಕರು ಯಾವ ಲೋಪವನ್ನೂ ಮಾಡದಿದ್ದಾಗಲೂ, ತೇರ್ಗಡೆಯಾಗಿಬಿಡುತ್ತವೆ.

ಒಂದಾದರೂ ಕೆಟ್ಟ ಸೀಸೆ ಸಿಗುವ ಸಂಭವ ನೂರಕ್ಕೆ 95 ಇರಬೇಕಾದರೆ 299 ಸೀಸೆ ಬೇಕು. ಬಾಯಿಲೆಕ್ಕಕ್ಕೆ 3ನ್ನು ದೋಷದ ಪ್ರಮಾಣದಿಂದ ಭಾಗಿಸಿದರೆ ಸಾಕು: ಸಾವಿರಕ್ಕೊಂದು ದೋಷವಾದರೆ ಸುಮಾರು 3,000. ಹಾಗೆಯೇ, 300 ನೋಡಿ ಒಂದೂ ಕೆಟ್ಟದ್ದು ಸಿಗದಿದ್ದರೆ ದೋಷವೇ ಇಲ್ಲವೆಂದಲ್ಲ, ಅದು ನೂರಕ್ಕೊಂದನ್ನು ಮೀರಿರಲಾರದು ಎಂದಷ್ಟೇ ಧೈರ್ಯವಾಗಿ ಹೇಳಬಹುದು.

ಅನೇಕ ಕಡೆ ಸರಕಿನಲ್ಲಿ ನೂರಕ್ಕೆ ಹತ್ತನ್ನು ನೋಡುವ ರೂಢಿಯಿದೆ. ನ್ಯಾಯವಾಗಿ ಕಾಣುವ ಈ ರೂಢಿ ನನ್ನ ಮಟ್ಟಿಗೆ ಕುರುಡು ರೂಢಿ. ದೋಷ ನೂರಕ್ಕೊಂದೇ ಇದ್ದರೂ, 200ರ ಸರಕಿನಿಂದ 20 ತೆಗೆದರೆ ನೂರಕ್ಕೆ 81 ಸಲ ಅದು ತಪ್ಪಿಸಿಕೊಳ್ಳುತ್ತದೆ; 20,000ದಿಂದ 2,000 ತೆಗೆದರೆ ತಪ್ಪಿಸಿಕೊಳ್ಳುವ ಸಂಭವ ಇಲ್ಲವೆಂದೇ ಹೇಳಬೇಕು. ಸರಕು ದೊಡ್ಡದಿದ್ದಾಗ ಮಾದರಿಯ ಗಾತ್ರವನ್ನು ನಿರ್ಧರಿಸುವುದು ಸರಕಿನ ಗಾತ್ರವಲ್ಲ, ದೋಷದ ವಿರಳತೆ.

ಒತ್ತಡದ ಹಬೆಯಿಂದ ಜಂತುಗಳನ್ನು ಕೊಲ್ಲುವ ಆಟೋಕ್ಲೇವ್ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ 15 ನಿಮಿಷ ಕಾಯಿಸುವ ಔಷಧದಲ್ಲಿ ಹತ್ತು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ಸೀಸೆ ಕೆಟ್ಟಿರಬಾರದೆಂಬುದು ಗುರಿ. ಇದನ್ನು ಮಾದರಿಯಿಂದ ಸಾಬೀತುಪಡಿಸಲು 30 ಲಕ್ಷ ಸೀಸೆ ಒಡೆಯಬೇಕು! ಆದ್ದರಿಂದ ಇಲ್ಲಿ ಸೀಸೆಗಳಿಗಿಂತ ಯಂತ್ರದ ಉಷ್ಣತೆಯ ದಾಖಲೆಯೇ ದೊಡ್ಡ ಸಾಕ್ಷಿ. 1972ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಕಲುಷಿತ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ದ್ರಾವಣದಿಂದ ರೋಗಿಗಳು ಸತ್ತಾಗ, ಆಟೋಕ್ಲೇವಿನಲ್ಲಿ ಗಾಳಿ ಉಳಿದು ಕೆಳಗಿನ ಬಾಟಲಿಗಳು ಸಾಕಷ್ಟು ಕಾಯದಿದ್ದದ್ದು ತಿಳಿದುಬಂತು. ಎಲ್ಲ ಬಾಟಲಿಗಳಲ್ಲೂ ದೋಷದ ಸಂಭವ ಒಂದೇ ಎಂದು ಹಿಡಿದುಕೊಂಡ ಮೇಲಿನ ಲೆಕ್ಕ ಅಂಥಲ್ಲಿ ನಿಲ್ಲದು. ಹೀಗಾಗಿ, ಯಂತ್ರದೊಳಗೆ ಶಾಖ ಎಲ್ಲಕ್ಕಿಂತ ತಡವಾಗಿ ತಲುಪುವ ಮೂಲೆ ಯಾವುದೆಂದು ಮೊದಲೇ ಅಳೆದು, ಶಾಖಕ್ಕೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಬೇಕೆಂದೇ ಅಲ್ಲಿಟ್ಟು, ಅವು ಸತ್ತಿವೆಯೇ ಎಂದು ನೋಡುತ್ತಾರೆ.