ಮೂರು ತಿಂಗಳ ಲೆಕ್ಕ ಮತ್ತು ಚಿಪ್ ಕಾರ್ಖಾನೆ

ಕೇಳುಗರಿಗೆ ನಮಸ್ಕಾರ. ಷೇರುಪೇಟೆಯಲ್ಲಿರುವ ಕಂಪನಿಯ ಮುಖ್ಯಸ್ಥರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಲಾಭನಷ್ಟದ ಲೆಕ್ಕ ಒಪ್ಪಿಸುತ್ತಾರೆ. ಆದರೆ ಅವರ ದೊಡ್ಡ ನಿರ್ಧಾರಗಳು ಫಲ ಕೊಡಲು ವರ್ಷಗಳೇ ಹಿಡಿಯುತ್ತವೆ. ಈ ಎಳೆದಾಟವನ್ನು ತೈವಾನಿನ ಚಿಪ್ ತಯಾರಿಕಾ ಸಂಸ್ಥೆ ಟಿಎಸ್‌ಎಂಸಿಯ ಒಂದು ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣಬಹುದು.

2008ರ ಆರ್ಥಿಕ ಕುಸಿತದಲ್ಲಿ ಬೇಡಿಕೆ ಬತ್ತಿದಾಗ, ಆಗಿನ ಆಡಳಿತವು ನೌಕರರನ್ನು ಕೆಲಸದಿಂದ ಬಿಡಿಸಿತು. 1987ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದ್ದ ಮೋರಿಸ್ ಚಾಂಗ್ ತಮ್ಮ 77ನೆಯ ವಯಸ್ಸಿನಲ್ಲಿ, 2009ರ ಜೂನ್‌ನಲ್ಲಿ, ಮುಖ್ಯ ಕಾರ್ಯನಿರ್ವಾಹಕರ ಹುದ್ದೆಗೆ ಮರಳಿದರು. ಬಿಡಿಸಲಾಗಿದ್ದವರನ್ನು ವಾಪಸ್ ಕರೆದರು. ಆ ವರ್ಷ ಸುಮಾರು 270 ಕೋಟಿ ಡಾಲರ್ ಇದ್ದ ಬಂಡವಾಳ ವೆಚ್ಚವನ್ನು, ಅಂದರೆ ಕಾರ್ಖಾನೆ ಮತ್ತು ಯಂತ್ರಗಳಿಗೆ ಹಾಕುವ ಹಣವನ್ನು, 2010ರಲ್ಲಿ ಸುಮಾರು 590 ಕೋಟಿಗೆ ಏರಿಸಿದರು.

ಇದು ಎಂಥ ಧೈರ್ಯವೆಂದು ತಿಳಿಯಬೇಕಾದರೆ ಲೆಕ್ಕಪತ್ರದ ನಡೆಯನ್ನು ನೋಡಬೇಕು. ಚಿಪ್ ಕಾರ್ಖಾನೆಯ ಯಂತ್ರಗಳ ಬೆಲೆಯನ್ನು ಐದು ವರ್ಷಗಳ ಸವಕಳಿಯಾಗಿ ಹಂಚುವುದರಿಂದ, ಬೇಡಿಕೆ ಬರಲಿ ಬಿಡಲಿ, ಆ ಹೊರೆ ಪ್ರತಿ ತ್ರೈಮಾಸಿಕದ ಲಾಭವನ್ನೂ ತಿನ್ನುತ್ತದೆ. ವೆಚ್ಚ ಕಡಿದವನು ಕೂಡಲೇ ಜಾಣನೆನಿಸುತ್ತಾನೆ. ಕಡಿದದ್ದರ ನಷ್ಟ ತಿಳಿಯುವ ಹೊತ್ತಿಗೆ ಆ ಕುರ್ಚಿಯಲ್ಲಿ ಬೇರೊಬ್ಬರಿರುತ್ತಾರೆ.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಅಮೆರಿಕದ ಚಿಪ್ ತಯಾರಿಕಾ ಸಂಸ್ಥೆ ಇಂಟೆಲ್ ಮೊದಲ ಐಫೋನಿನ ಚಿಪ್ ಮಾಡಿಕೊಡುವ ಅವಕಾಶವನ್ನು ಬಿಟ್ಟುಕೊಟ್ಟಿತು. ಆ್ಯಪಲ್ ಕೊಡಲು ಸಿದ್ಧವಿದ್ದ ಬೆಲೆ ತಮ್ಮ ಅಂದಾಜು ವೆಚ್ಚಕ್ಕಿಂತ ಕಡಿಮೆಯಿತ್ತೆಂದು ಇಂಟೆಲ್ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಹೇಳಿದರು. ಅಂದಿನ ಲೆಕ್ಕದಲ್ಲಿ ಅದು ಮೂರ್ಖತನವಾಗಿರಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ. 2014ರ ಐಫೋನ್ 6ರ ಮುಖ್ಯ ಚಿಪ್ ತಯಾರಾದದ್ದು ತೈವಾನಿನ ಟಿಎಸ್‌ಎಂಸಿಯಲ್ಲಿ.

ಹಾಗೆಂದು ದೂರದೃಷ್ಟಿಯ ಹೆಸರಿನಲ್ಲಿ ನಡೆಯುವುದನ್ನೆಲ್ಲ ಒಪ್ಪಬೇಕಿಲ್ಲ. ಸೋತ ಆಡಳಿತಗಾರರಿಗೂ ಅದು ಒಳ್ಳೆಯ ಮರೆ. ಚಾಂಗ್ ಸುರಿದ ಹಣಕ್ಕೆ ಪರೀಕ್ಷಿಸಬಹುದಾದ ಗುರಿಯಿತ್ತು: ಚಿಪ್‌ನ ಭಾಗಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಮೂಡಿಸುವ 28 ನ್ಯಾನೊಮೀಟರ್ ತಂತ್ರಜ್ಞಾನ. ಅದರ ದೊಡ್ಡ ಪ್ರಮಾಣದ ಉತ್ಪಾದನೆ 2011ರ ಕೊನೆಯಲ್ಲಿ ಆರಂಭವಾಯಿತು. ಷೇರುದಾರರ ಲಾಭಾಂಶವೂ ಆ ವರ್ಷಗಳಲ್ಲಿ ನಿಲ್ಲಲಿಲ್ಲ.

ತಕ್ಷಣದ ಲಾಭ ನೋಡದೆ ಹಣ ಹೂಡಲು ಸ್ಥಾಪಕರಿಗಿರುವ ಈ ಅಧಿಕಾರ, ಕೆಲವೇ ವರ್ಷಗಳಿಗೆಂದು ನೇಮಕಗೊಂಡು ಷೇರು ಬೆಲೆಯ ಮೇಲೆ ಬಹುಮಾನ ಪಡೆಯುವ ಮುಖ್ಯಸ್ಥರಿಗೆ ಇರುವುದಿಲ್ಲ. ಅವರಿಗೆ ಉಪದೇಶಕ್ಕಿಂತ ಕರಾರು ಹೆಚ್ಚು ನಾಟುತ್ತದೆ. ಹುದ್ದೆ ಬಿಟ್ಟ ಮೇಲೂ ಕಂಪನಿಯ ಷೇರುಗಳನ್ನು ಇಟ್ಟುಕೊಂಡಿರುವ ಬಗ್ಗೆ ನಿಯಮ ರೂಪಿಸಬೇಕೆಂದು ಬ್ರಿಟನ್ನಿನ 2018ರ ಕಂಪನಿ ಆಡಳಿತ ಸಂಹಿತೆ ಸೂಚಿಸಿದ್ದು ಈ ದಾರಿಯಲ್ಲೇ.