ಟಾನಿಕ್ಕೋ, ಸಾರಾಯಿಯೋ?

ಕೇಳುಗರಿಗೆ ನಮಸ್ಕಾರ.

1951ರ ಮೇ 29ರ ರಾತ್ರಿ ಮುಂಬಯಿಯ ಕೊಲಾಬಾದಲ್ಲಿ ಒಂದು ಜೀಪು ಮೂವರಿಗೆ ಬಡಿಯಿತು. ಓಡಿಸುತ್ತಿದ್ದವರನ್ನು ಆಸ್ಪತ್ರೆಗೆ ಒಯ್ದು ನೋಡಿದರೆ ಬಾಯಲ್ಲಿ ಮದ್ಯದ ವಾಸನೆ, ಕಣ್ಣು ಕೆಂಪು. ಆದರೆ ಮಾತು ತೊದಲಲಿಲ್ಲ, ಹೆಜ್ಜೆ ತಪ್ಪಲಿಲ್ಲ. ಯಾವುದೋ ರೂಪದಲ್ಲಿ ಆಲ್ಕೋಹಾಲ್ ಸೇವಿಸಿದ್ದಾರೆ, ಅಮಲೇರಿದಂತೆ ಕಾಣುವುದಿಲ್ಲ ಎಂದರು ಡಾಕ್ಟರು. ಜ್ವರದಿಂದ ಎದ್ದವನು, ಶಕ್ತಿಗೆಂದು ಟಾನಿಕ್ ಕುಡಿದಿದ್ದೆ ಎಂಬುದು ಆರೋಪಿಯ ಉತ್ತರ.

ಆಗ ಜಾರಿಯಲ್ಲಿದ್ದದ್ದು 1949ರ ಮುಂಬಯಿ ಪಾನನಿರೋಧ ಕಾಯಿದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಮುಂಬಯಿಗೇ ಸೇರಿದ್ದರಿಂದ ನಮ್ಮ ಹಿರಿಯರೂ ಅದರ ಅಡಿಯಲ್ಲೇ ಬಾಳಿದವರು. ಮದ್ಯ ಕುಡಿಯುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮೂರಕ್ಕೂ ಒಂದೇ ಕಲಮು, 66(ಬಿ). ಆಲ್ಕೋಹಾಲ್ ಇರುವ ದ್ರವವೆಲ್ಲ ಮದ್ಯವೇ, ಔಷಧವಾದರೂ ಸರಿ! ಇದು ಅತಿಯಾಯಿತೆಂದು ಸುಪ್ರೀಂ ಕೋರ್ಟು ಅದೇ ಮೇ 25ರಂದು, ಅಂದರೆ ಜೀಪಿನ ಘಟನೆಗೆ ನಾಲ್ಕೇ ದಿನ ಮುಂಚೆ, ಔಷಧ ಮತ್ತು ಪ್ರಸಾಧನ ವಸ್ತುಗಳ ಮಟ್ಟಿಗೆ ನಿಷೇಧ ಊರ್ಜಿತವಲ್ಲ ಎಂದಿತ್ತು.

ಮ್ಯಾಜಿಸ್ಟ್ರೇಟರು ಆರೋಪಿಯನ್ನು ಬಿಡುಗಡೆ ಮಾಡಿದರು. ಸರ್ಕಾರ ಅಪೀಲು ಹಾಕಿತು. ಹೈಕೋರ್ಟು ಒಂದು ತಿಂಗಳ ಕಠಿಣ ಸಜೆ, 500 ರೂಪಾಯಿ ದಂಡ ವಿಧಿಸಿತು. ಪ್ರಕರಣ ದಿಲ್ಲಿಗೆ ಹೋಯಿತು. ಅಲ್ಲಿ ಮೊದಲು ಕೂತ ಮೂವರು ನ್ಯಾಯಮೂರ್ತಿಗಳಲ್ಲೇ ಒಮ್ಮತವಿರಲಿಲ್ಲ. ಕುಡಿದದ್ದು ಔಷಧವೆಂದು ಆರೋಪಿ ತೋರಿಸಬೇಕೋ, ಔಷಧವಲ್ಲವೆಂದು ಸರ್ಕಾರ ತೋರಿಸಬೇಕೋ? ಜಗಳವಿದ್ದದ್ದು ಇಷ್ಟೇ. 1954ರಲ್ಲಿ ಸಂವಿಧಾನ ಪೀಠದ ಬಹುಮತ ಹೊರೆ ಸರ್ಕಾರದ್ದೆಂದಿತು. ಬರೀ ವಾಸನೆ ಸಾಲದು. ಶಿಕ್ಷೆ ರದ್ದಾಯಿತು. ನನಗೆ ಇದು ಸರಿಯಾದ ತೀರ್ಪೆಂದೇ ಅನಿಸುತ್ತದೆ. ವಾಸನೆಗೆ ಟಾನಿಕ್ಕು, ಸಾರಾಯಿ ಎಂಬ ಭೇದವಿಲ್ಲ.

ಆದರೆ ಮನೆಯಲ್ಲಿ ಮಾಲು ಸಿಕ್ಕವರ ಪಾಡು ಬೇರೆ. ಅವರ ಪಾಲಿಗೆ 103ನೇ ಕಲಮು ಇತ್ತು. ಮದ್ಯವಷ್ಟೇ ಅಲ್ಲ, ಹಿಪ್ಪೆ ಹೂವು, ಕಾಕಂಬಿ, ಭಟ್ಟಿಯ ಪಾತ್ರೆ ಸಿಕ್ಕರೂ, ಅದು ತನ್ನ ಬಳಿ ಏಕಿದೆ ಎಂಬುದಕ್ಕೆ ಸಮಾಧಾನಕರ ಕಾರಣ ಕೊಡಲಾಗದಿದ್ದರೆ, ಬೇರೆ ಪುರಾವೆಯಿಲ್ಲದೆಯೇ ಅಪರಾಧ ನಡೆದಿದೆ ಎಂದು ಕೋರ್ಟು ಭಾವಿಸಬೇಕು. ಹಿಪ್ಪೆ ಹೂವನ್ನು ತಿನ್ನುವ ಬಡವರೂ ಇದ್ದಾರೆ, ದನಕ್ಕೆ ಹಾಕುವವರೂ ಇದ್ದಾರೆ. ಅದನ್ನು ಕೋರ್ಟಿನಲ್ಲಿ ನಂಬುವ ಹಾಗೆ ಹೇಳಲು ವಕೀಲ ಬೇಕು, ವಕೀಲನಿಗೆ ದುಡ್ಡು ಬೇಕು.

ಕುಡಿದವರಿಗೆ ಸಿಕ್ಕ ಅನುಕೂಲವೂ ಹೆಚ್ಚು ಕಾಲ ಉಳಿಯಲಿಲ್ಲ. ಶಾಸನಸಭೆ ಕಾಯಿದೆಗೆ ತಿದ್ದುಪಡಿ ತಂದಿತು. ರಕ್ತದಲ್ಲಿ ಆಲ್ಕೋಹಾಲ್ ಪ್ರಮಾಣ ಶೇಕಡಾ 0.05 ಅಥವಾ ಹೆಚ್ಚಿದ್ದರೆ, ತಾನು ಸೇವಿಸಿದ್ದು ಔಷಧವೆಂದು ಇನ್ನು ಆರೋಪಿಯೇ ಸಾಬೀತು ಮಾಡಬೇಕಾಯಿತು.